ಬಾಣದ ಗುರುತಿಲ್ಲದ ದಾರಿ



ಶತಮಾನೋತ್ಸವದ ಈ ವೇದಿಕೆಯಲ್ಲಿ ವಿಡಿಯೋ ಆಟಗಳ ಮಾತೇಕೆಂದು ಹಿರಿಯರು ಹುಬ್ಬೇರಿಸಬಹುದು. ಉದ್ಯೋಗನಿಮಿತ್ತ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಾವು ಕೆಲವರು ಹಳೆಯ ವಿದ್ಯಾರ್ಥಿಗಳು ನಮ್ಮ ಮಕ್ಕಳೊಡನೆ ಹೆಚ್ಚು ವಾದಿಸುವುದು ಅವುಗಳ ವಿಷಯದಲ್ಲಿಯೇ.

ಬೆಟ್ಟ, ಕಾಡು, ಊರುಗಳುಳ್ಳ ವಿಶಾಲ ಲೋಕವೊಂದನ್ನು ಮುಂದಿಟ್ಟು, ಇಷ್ಟಬಂದೆಡೆ ಅಲೆಯಲು ಬಿಡುವ ಆಟಗಳಿಗೆ 'ಓಪನ್ ವರ್ಲ್ಡ್' ಎಂದು ಹೆಸರು. 2002ರ 'ಮಾರೋವಿಂಡ್' ಆಟದಲ್ಲಿ ದಾರಿಯನ್ನು ಬಹುಮಟ್ಟಿಗೆ ಊರವರ ಮಾತಿನಿಂದಲೇ ತಿಳಿಯಬೇಕಿತ್ತು. ಅದೇ ಸರಣಿಯ 2006ರ 'ಒಬ್ಲಿವಿಯನ್' ದಿಕ್ಸೂಚಿಯ ಮೇಲೊಂದು ಬಾಣವನ್ನಿಟ್ಟಿತು. ಬಾಣವಿದ್ದ ಮೇಲೆ ಯಾರ ಮಾತನ್ನು ಕೇಳಬೇಕು? ಬೆಟ್ಟವನ್ನಾದರೂ ಏಕೆ ನೋಡಬೇಕು? ಈ ಕೊರತೆಯನ್ನು ಆಟ ಕಟ್ಟುವವರೇ ಕಂಡುಕೊಂಡರೆಂಬುದು ನಮಗೆ ಮೆಚ್ಚಿಗೆಯಾದ ಸಂಗತಿ. 2017ರ ಜೆಲ್ಡಾ ಆಟದಲ್ಲಿ ಆಡುವವನು ಎತ್ತರವನ್ನೇರಿ, ದೂರ ನೋಡಿ, ನಕ್ಷೆಯ ಮೇಲೆ ತಾನೇ ಗುರುತು ಹಾಕಿಕೊಳ್ಳುತ್ತಾನೆ. 2020ರ 'ಘೋಸ್ಟ್ ಆಫ್ ತ್ಸುಶಿಮಾ'ದಲ್ಲಿ ಬೀಸುವ ಗಾಳಿಯೇ ದಾರಿ ತೋರುತ್ತದೆ. ಇದನ್ನೆಲ್ಲ ನಮಗೆ ಕಲಿಸಿದವರು ಮಕ್ಕಳೇ.

ಕಳೆದ ಬೇಸಗೆಯ ರಜೆಯಲ್ಲಿ, ರೇಷ್ಮೆ ಸೀರೆಗೆ ಹೆಸರಾದ ಸಿರುಮುಗೈಗೆ ಮಕ್ಕಳೊಡನೆ ಹೋಗಿದ್ದೆವು. ಮೇಟ್ಟುಪಾಳ್ಯದ ಬಳಿಯ ಊರು ಅದು. ನೇಕಾರರೊಬ್ಬರ ಮನೆಯನ್ನು ಹುಡುಕಬೇಕಿತ್ತು. ಫೋನಿನ ನಕ್ಷೆ ನಮ್ಮನ್ನು ಒಂದು ಕುರುಡುಗೋಡೆಯ ಮುಂದೆ ತಂದು ನಿಲ್ಲಿಸಿ, ತಲುಪಿದ್ದೀರಿ ಎಂದಿತು. ಹುಡುಗರು ಫೋನನ್ನು ಅತ್ತಿತ್ತ ತಿರುಗಿಸುತ್ತ ಕನ್ನಡದಲ್ಲಿ ಜಗಳಕ್ಕೆ ನಿಂತರು. ಎದುರಿನ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ, ಅದುವರೆಗೆ ತಮಿಳಿನಲ್ಲಿ ಮಾತನಾಡುತ್ತಿದ್ದವರು, ಆ ಜಗಳ ಕೇಳಿ ಕನ್ನಡಕ್ಕೆ ಹೊರಳಿದರು. ಈ ಸೀಮೆಯ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ಕನ್ನಡವು ಇಂದಿಗೂ ಮನೆಮಾತು. ತಮಿಳಿನೊಡನೆ ಬೆರೆತು, ಬರೆಹದ ಆಸರೆಯಿಲ್ಲದೆ ಉಳಿದುಬಂದದ್ದು. ಆ ಅಜ್ಜಿಗೂ ಕನ್ನಡದ ಒಂದಕ್ಷರ ಓದಲು ಬಾರದು.

ಬೇವಿನ ಮರದ ಬಳಿ ತಿರುಗಿ, ಮಗ್ಗದ ಸದ್ದನ್ನು ಹಿಡಿದು ಹೋಗಬೇಕೆಂದರು. ಸದ್ದಿಲ್ಲದ ಮನೆಯೇ ನಾವು ಹುಡುಕುವ ಮನೆಯಂತೆ. ಆ ಹೊತ್ತಿಗೆ ಅವರು ಉಣ್ಣಲು ಏಳುತ್ತಾರಂತೆ. ಅಷ್ಟಕ್ಕೇ ಬಿಡದೆ, ಯಾರ ಮಕ್ಕಳು, ಯಾವ ಊರು, ಕನ್ನಡವನ್ನು ಓದಲೂ ಬರುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಕಡೆಯ ಪ್ರಶ್ನೆಗೆ ನಮ್ಮ ಮಕ್ಕಳು ತಲೆ ತಗ್ಗಿಸಿದರು. ಅವರಿಗೂ ಓದಲು ಬಾರದು. ಈ ಶಾಲೆಯಲ್ಲಿ ಅಕ್ಷರ ಕಲಿತ ನಾವು ಅವರಿಗೆ ಅದನ್ನು ಕಲಿಸಿರಲಿಲ್ಲ. ದಾರಿ ತಪ್ಪದಿದ್ದರೆ ನಮ್ಮನ್ನು ಯಾರೂ ಹೀಗೆ ಕೇಳುತ್ತಿರಲಿಲ್ಲ.

ಆ ರಾತ್ರಿ ಹಿರಿಯ ಹುಡುಗನು ಸಿರುಮುಗೈಯ ನಕ್ಷೆಯೊಂದನ್ನು ಕಾಗದದಲ್ಲಿ ಬರೆದನು. ಬೇವಿನ ಮರ, ಜಗಲಿ, ಕುರುಡುಗೋಡೆ ಎಲ್ಲವೂ ಅದರಲ್ಲಿದ್ದುವು. ಹೆಸರುಗಳನ್ನು ಕನ್ನಡದಲ್ಲಿ ಬರೆಯಬೇಕೆಂದು ಹಟಹಿಡಿದು, ಒಂದೊಂದು ಅಕ್ಷರವನ್ನೂ ನಮ್ಮಿಂದ ಕೇಳಿ ಬರೆದುಕೊಂಡನು. 'ಅಜ್ಜಿ' ಎಂಬಲ್ಲಿಯ ಜಕಾರದ ಒತ್ತು ಅವನಿಗೆ ಮೂರು ಸಲ ತಪ್ಪಿತು.