ಮಳೆಯ ಹೆಸರಿನ ನಕ್ಷತ್ರಗಳು

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಬೇಸಿಗೆಯ ಒಂದು ಸಂಜೆ ಆಡಿದ ಮಾತು)



ಇವತ್ತು ಪುಸ್ತಕ ಮುಚ್ಚಿಡೋಣ. ಸ್ಲೇಟೂ ಬೇಡ. ಇವತ್ತಿನ ಪಾಠ ನಮ್ಮ ತಲೆಯ ಮೇಲಿದೆ.

ಮೊದಲು ಮಳೆಗಳ ಹೆಸರು ಹೇಳಿ ನೋಡೋಣ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ... ನೋಡಿ, ಯಾರೂ ತಡವರಿಸಲಿಲ್ಲ. ಅಕ್ಷರ ಕಲಿಯುವ ಮೊದಲೇ ಇದು ನಿಮಗೆ ಬಾಯಿಪಾಠ. ಯಾವ ಮಳೆಗೆ ಬಿತ್ತನೆ, ಯಾವ ಮಳೆಗೆ ಕಳೆ, ಯಾವ ಮಳೆ ಕೈಕೊಟ್ಟರೆ ಕಾಳು ಜೊಳ್ಳು, ಎಲ್ಲಾ ಗೊತ್ತು. "ಆದರೆ ಆರಿದ್ರಾ, ಇಲ್ಲದಿದ್ರೆ ದರಿದ್ರ" ಅಂತ ಹಿರಿಯರು ಹೇಳುವುದನ್ನೂ ಕೇಳಿದ್ದೀರಿ.

ಈ ಹೆಸರುಗಳೆಲ್ಲ ನಕ್ಷತ್ರಗಳವು. ಅದೂ ನಿಮಗೆ ಗೊತ್ತು. ಸರಿ, ಮಘೆ ಎಲ್ಲಿದೆ? ಚಿತ್ತೆ ಯಾವುದು? ಬೆರಳು ಮಾಡಿ ತೋರಿಸಿ ಎಂದರೆ ಎಲ್ಲರೂ ಸುಮ್ಮನಾಗುತ್ತೀರಿ. ಇದರಲ್ಲಿ ನಿಮ್ಮ ತಪ್ಪಿಲ್ಲ. ಹೆಸರು ಪಂಚಾಂಗದ ಒಳಗೆ ಹೋಗಿ ಕೂತಿತು. ಪಂಚಾಂಗ ಓದುವವರು ಬೇರೆಯವರಾದರು. ಮೇಲಿದ್ದ ನಕ್ಷತ್ರವನ್ನು ಯಾರೂ ನಮಗೆ ತೋರಿಸಲಿಲ್ಲ. ಈಗ ನಾವೇ ನೋಡೋಣ.

ಏಪ್ರಿಲ್, ಮೇ ತಿಂಗಳು ಇದಕ್ಕೆ ಒಳ್ಳೆಯ ಕಾಲ. ಸೆಕೆಗೆ ಹೇಗೂ ಅಂಗಳದಲ್ಲೋ ಮಾಳಿಗೆಯ ಮೇಲೋ ಮಲಗುತ್ತೇವೆ. ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಕ್ಯಾಲೆಂಡರ್ ಓದಲು ಈಗ ನಿಮಗೇ ಬರುತ್ತದೆ. ಬೀದಿ ದೀಪ ಕಣ್ಣಿಗೆ ಹೊಡೆಯದ ಕಡೆ ನಿಲ್ಲಿ. ಹತ್ತು ನಿಮಿಷ ಮೊಬೈಲ್ ನೋಡಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಂಡರೆ ನಕ್ಷತ್ರ ತಾನಾಗಿ ಹೆಚ್ಚುತ್ತದೆ. ಒಬ್ಬರೇ ಬೇಡ, ನಾಲ್ಕೈದು ಜನ ಕೂಡಿ ಹೋಗಿ. ರಾತ್ರಿ ಹೊತ್ತು ಹೊರಗೆ ನಿಂತು ಮೇಲೆ ನೋಡುವುದು ಗಂಡಸರ ಕೆಲಸ ಅಂತ ಎಲ್ಲೂ ಬರೆದಿಲ್ಲ.

ಮೇ ತಿಂಗಳ ಮೊದಲ ವಾರ, ರಾತ್ರಿ ಒಂಬತ್ತು ಗಂಟೆ ಅಂತ ಇಟ್ಟುಕೊಳ್ಳಿ. ಉತ್ತರ ದಿಕ್ಕಿಗೆ ಮುಖ ಮಾಡಿ. ಅರ್ಧ ಆಕಾಶದ ಎತ್ತರದಲ್ಲಿ ಏಳು ನಕ್ಷತ್ರ ಕಾಣುತ್ತವೆ. ನಾಲ್ಕು ಸೇರಿ ಒಂದು ಪಾತ್ರೆ, ಮೂರು ಸೇರಿ ಅದರ ಹಿಡಿ. ಸೌಟು ಮಗುಚಿ ಹಾಕಿದ ಹಾಗೆ. ಹೊಸದಾಗಿ ಓದು ಕಲಿತವರು ಇದನ್ನು ಪ್ರಶ್ನೆಯ ಗುರುತು ಅಂತಲೂ ಹೇಳಬಹುದು. ಇದೇ ಸಪ್ತರ್ಷಿ ಮಂಡಲ. ಪಾತ್ರೆಯ ಕಡೆಯಿಂದ ಎಣಿಸಿದರೆ ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ. ಹೆಸರೆಲ್ಲ ನೆನಪಿಡಬೇಕಿಲ್ಲ. ಒಂದನ್ನು ಮಾತ್ರ ಹುಡುಕಿ. ಹಿಡಿಯ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ. ಅದರ ಪಕ್ಕಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣ ಚುಕ್ಕಿ ಇದೆ.

ಅದೇ ಅರುಂಧತಿ.

ಮದುವೆಯಲ್ಲಿ ಪುರೋಹಿತರು ತೋರಿಸಿದ್ದು ನೆನಪಿದೆಯಾ? ಎಷ್ಟೋ ಮದುವೆಗಳಲ್ಲಿ ಹಗಲು ಹನ್ನೆರಡು ಗಂಟೆಗೆ ಚಪ್ಪರದ ಹೊರಗೆ ಕರೆದುಕೊಂಡು ಹೋಗಿ "ಅರುಂಧತಿ ಕಾಣಿಸಿತೇನಮ್ಮಾ" ಅಂತ ಕೇಳುತ್ತಾರೆ. ಮದುವಣಗಿತ್ತಿ ಸುಡುಬಿಸಿಲಿಗೆ ಕಣ್ಣು ಕಿರಿದು ಮಾಡಿ ತಲೆಯಾಡಿಸುತ್ತಾಳೆ. ಹೂಂ ಅನ್ನದಿದ್ದರೆ ಊಟದ ಪಂಕ್ತಿ ಏಳುವುದಿಲ್ಲವಲ್ಲ! ಅವತ್ತು ಕಾಣದ ಅರುಂಧತಿಯನ್ನು ಈಗ ನಿಧಾನವಾಗಿ ನೋಡಿ. ಮನೆಯವರನ್ನೂ ಕರೆದು ತೋರಿಸಿ. ಹಿಂದಿನ ಕಾಲದಿಂದಲೂ ಇದು ಕಣ್ಣಿನ ಪರೀಕ್ಷೆ. ಎರಡೂ ಬೇರೆ ಬೇರೆ ಕಂಡರೆ ದೂರದ ನೋಟ ಚೆನ್ನಾಗಿದೆ ಅಂತ ಲೆಕ್ಕ. ಆಕಾಶ ಶುಭ್ರವಾಗಿದ್ದೂ ಎಲ್ಲ ನಕ್ಷತ್ರ ಕಲಸಿದ ಹಾಗೆ ಕಂಡರೆ ಕಣ್ಣಿನ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ನಲವತ್ತು ದಾಟಿದ ಮೇಲೆ ಪುಸ್ತಕದ ಅಕ್ಷರ ಮಸುಕಾಗುತ್ತದಲ್ಲ, ಅದು ಬೇರೆ. ಅದಕ್ಕೂ ಕನ್ನಡಕ ಸಿಗುತ್ತದೆ. ಅಕ್ಷರ ಕಾಣದ್ದಕ್ಕೆ "ನನಗೆ ಓದು ಹತ್ತಲ್ಲ" ಅಂತ ಕೂರಬೇಡಿ.

ಪಾತ್ರೆಯ ಆಚೆ ಅಂಚಿನ ಎರಡು ನಕ್ಷತ್ರ ಪುಲಹ ಮತ್ತು ಕ್ರತು. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದರ ಐದರಷ್ಟು ಕೆಳಗೆ ಮುಂದುವರಿಸಿ. ಧ್ರುವ ನಕ್ಷತ್ರ ಸಿಗುತ್ತದೆ. ಅದು ಎಲ್ಲಕ್ಕಿಂತ ಹೊಳೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಅದು ಸಾಧಾರಣ. ಅದರ ದೊಡ್ಡತನ ಅಲುಗಾಡದೆ ನಿಂತಿರುವುದರಲ್ಲಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಮೈಸೂರು, ಬೆಂಗಳೂರಿನ ಕಡೆಯವರಿಗೆ ಧ್ರುವ ನೆಲದ ಅಂಚಿನಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಬೀದರಿನವರಿಗೆ ಹೆಚ್ಚುಕಡಿಮೆ ಎರಡು ಮುಷ್ಟಿ. ಉತ್ತರಕ್ಕೆ ಹೋದ ಹಾಗೆ ಅದು ಮೇಲೇರುತ್ತದೆ. ಭೂಮಿ ದುಂಡಗಿರುವುದಕ್ಕೆ ಇದೂ ಒಂದು ಸಾಕ್ಷಿ.

ಈಗ ಮಳೆಗಳ ಕಡೆಗೆ ಬರೋಣ. ಸಪ್ತರ್ಷಿಯ ಹಿಡಿ ಬಾಗಿದೆಯಲ್ಲ, ಅದೇ ಬಾಗಿನಲ್ಲಿ ಪೂರ್ವದ ಕಡೆ ಮುಂದೆ ಹೋಗಿ. ಕೆಂಡದ ಬಣ್ಣದ ದೊಡ್ಡ ನಕ್ಷತ್ರ ಸಿಗುತ್ತದೆ. ಅದು ಸ್ವಾತಿ. ಅದೇ ಬಾಗನ್ನು ಇನ್ನಷ್ಟು ಎಳೆದರೆ ಬೆಳ್ಳಗೆ ಹೊಳೆಯುವ ಇನ್ನೊಂದು. ಅದು ಚಿತ್ತೆ. ಬಣ್ಣದಲ್ಲಿ ಯಾಕೆ ವ್ಯತ್ಯಾಸ? ಕಮ್ಮಾರನ ಕುಲುಮೆ ನೆನಪು ಮಾಡಿಕೊಳ್ಳಿ. ಕಬ್ಬಿಣ ಮೊದಲು ಕೆಂಪಗೆ ಕಾಯುತ್ತದೆ, ಇನ್ನೂ ಕಾದರೆ ಬೆಳ್ಳಗಾಗುತ್ತದೆ. ನಕ್ಷತ್ರವೂ ಹಾಗೇ. ಕೆಂಪಗಿರುವ ಸ್ವಾತಿಗಿಂತ ಬಿಳಿಯ ಚಿತ್ತೆಗೆ ಕಾವು ಬಹಳ ಹೆಚ್ಚು. ದೂರವೂ ಕಡಿಮೆಯಲ್ಲ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ ಸಾಕು. ಸ್ವಾತಿಯ ಬೆಳಕಿಗೆ ಸುಮಾರು 37 ವರ್ಷ ಬೇಕು. ನಿಮ್ಮಲ್ಲಿ ಮೂವತ್ತೇಳು ವರ್ಷದವರು ಯಾರಾದರೂ ಇದ್ದರೆ, ನೀವು ಹುಟ್ಟಿದ ವರ್ಷ ಅಲ್ಲಿಂದ ಹೊರಟ ಬೆಳಕು ಈಗ ನಿಮ್ಮ ಕಣ್ಣಿಗೆ ಬೀಳುತ್ತಿದೆ.

ಚಿತ್ತೆಯ ಬಲಕ್ಕೆ, ದಕ್ಷಿಣಕ್ಕೆ ಮುಖ ಮಾಡಿದರೆ, ಸ್ವಲ್ಪ ಕೆಳಗೆ ನಾಲ್ಕು ನಕ್ಷತ್ರದ ಓರೆ ಚೌಕ ಇದೆ. ಪಕ್ಕದಲ್ಲಿ ಮಂಕಾದ ಇನ್ನೊಂದು. ಈ ಐದೂ ಸೇರಿ ಒಂದು ಅಂಗೈ. ಅದು ಹಸ್ತ.

ಇನ್ನು ಚಾಪೆ ಹಾಸಿ ಮಲಗಿಬಿಡಿ, ನೆತ್ತಿಯ ಮೇಲಿರುವುದನ್ನು ನಿಂತು ನೋಡಿದರೆ ಕತ್ತು ನೋಯುತ್ತದೆ. ತಲೆ ದಕ್ಷಿಣಕ್ಕೆ ಇರಲಿ. ನೆತ್ತಿಯಿಂದ ಸ್ವಲ್ಪ ಪಶ್ಚಿಮಕ್ಕೆ ಒಂದು ಕುಡುಗೋಲು ಕಾಣುತ್ತದೆ. ನಾವು ಕೊಯ್ಲಿಗೆ ಹಿಡಿಯುವ ಕುಡುಗೋಲೇ. ಅದರ ಹಿಡಿಯ ತುದಿಯಲ್ಲಿ ಚೆನ್ನಾಗಿ ಹೊಳೆಯುವುದು ಮಘೆ. ಕುಡುಗೋಲಿನ ಪೂರ್ವಕ್ಕೆ ಮೂರು ನಕ್ಷತ್ರದ ತ್ರಿಕೋನ. ಅದರಲ್ಲಿ ಕುಡುಗೋಲಿನ ಕಡೆಯ ಎರಡು ಹುಬ್ಬ. ಆ ಕಡೆಯ ತುದಿಯದು ಉತ್ತರೆ. ಕುಡುಗೋಲು, ತ್ರಿಕೋನ ಎರಡೂ ಸೇರಿದರೆ ಸಿಂಹ ರಾಶಿ. ಕುಡುಗೋಲು ಸಿಂಹದ ತಲೆ, ಉತ್ತರೆ ಅದರ ಬಾಲ.

ಹೀಗೆ ಮಲಗಿದರೆ ಎಡಗೈ ಪಶ್ಚಿಮಕ್ಕೆ, ಬಲಗೈ ಪೂರ್ವಕ್ಕೆ. ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕೆ ಓದಿ. ಮಘೆ, ಹುಬ್ಬ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಮಳೆ ಬರುವುದೂ ಇದೇ ಸಾಲಿನಲ್ಲಿ ಅಲ್ವಾ?

ಆದರೆ ಒಂದು ಅನುಮಾನ ಬರಬೇಕು. ಮಘೆ ಮಳೆ ಹಿಡಿಯುವುದು ಆಗಸ್ಟ್ 17ರ ಸುಮಾರಿಗೆ. ಸ್ವಾತಿ ಮಳೆ ಮುಗಿಯುವುದು ನವೆಂಬರ್ ಮೊದಲ ವಾರ. ಮೇ ತಿಂಗಳಲ್ಲಿ ಇವು ತಲೆ ಮೇಲೆ ಯಾಕಿವೆ? ಈಗಿನ ಮಳೆಯ ಹೆಸರಿನ ಭರಣಿ, ಕೃತ್ತಿಕೆ ಎಲ್ಲಿ ಹೋದವು?

ಇದಕ್ಕೆ ಒಂದು ಆಟ ಆಡೋಣ. ಅಂಗಳದ ನಡುವೆ ದೀಪ ಹಚ್ಚಿಡಿ. ಅದನ್ನು ನೋಡುತ್ತಾ ಸುತ್ತು ಹಾಕಿ. ಒಂದು ಕಡೆ ನಿಂತಾಗ ದೀಪದ ಹಿಂದೆ ಬಾವಿ ಇರುತ್ತದೆ. ಇನ್ನೊಂದು ಕಡೆ ಬಂದಾಗ ಕೊಟ್ಟಿಗೆ. ದೀಪದ ಹಿಂದೆ ಇರುವುದು ಬೆಳಕಿನ ಝಳಕ್ಕೆ ಕಾಣುವುದಿಲ್ಲ. ಬೆನ್ನು ತಿರುಗಿಸಿದರೆ ಎದುರು ಕಡೆಯದು ಚೆನ್ನಾಗಿ ಕಾಣುತ್ತದೆ. ದೀಪ ಅಂದರೆ ಸೂರ್ಯ. ಸುತ್ತುವ ನಾವು ಭೂಮಿ. ಬಾವಿ, ಕೊಟ್ಟಿಗೆ ಎಲ್ಲ ನಕ್ಷತ್ರಗಳು. ಒಂದು ಸುತ್ತಿಗೆ ಒಂದು ವರ್ಷ. ಆ ದಾರಿಯನ್ನು 27 ನಕ್ಷತ್ರಕ್ಕೆ ಹಂಚಿದ್ದಾರೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮಳೆ ಎಂದರೆ ಸೂರ್ಯನ ಹಿಂದೆ ರೋಹಿಣಿ ನಕ್ಷತ್ರ ಇರುವ ದಿನಗಳು, ಅಷ್ಟೇ. ಆಗ ರೋಹಿಣಿ ನಮಗೆ ಕಾಣುವುದೇ ಇಲ್ಲ.

ಬೇಕಾದರೆ ಪರೀಕ್ಷೆ ಮಾಡಿ. ಏಪ್ರಿಲ್ ಮೊದಲಲ್ಲಿ ಕತ್ತಲಾದ ಕೂಡಲೇ ಪಶ್ಚಿಮದಲ್ಲಿ ಕೆಂಪು ರೋಹಿಣಿ ಚೆನ್ನಾಗಿ ಕಾಣುತ್ತದೆ. ದಿನಕ್ಕೆ ನಾಲ್ಕು ನಿಮಿಷ ಮುಂಚೆ ಮುಳುಗುತ್ತಾ ಬರುತ್ತದೆ. ಮೇ ತಿಂಗಳ ನಡುವೆ ಸಂಜೆ ಬೆಳಕಿನಲ್ಲಿ ಕಳೆದುಹೋಗುತ್ತದೆ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹಿಡಿಯಿತು ಅನ್ನುತ್ತಾರೆ. ಮಳೆ ತರುವುದು ನಕ್ಷತ್ರವಲ್ಲ, ಸಮುದ್ರದ ಕಡೆಯಿಂದ ಬರುವ ಮುಂಗಾರಿನ ಗಾಳಿ. ನಕ್ಷತ್ರ ತಾರೀಖು ಹೇಳುತ್ತದೆ. ಗೋಡೆ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ರೈತರಿಗೆ ಅದೇ ಕ್ಯಾಲೆಂಡರ್.

ದಕ್ಷಿಣದಲ್ಲಿ ಮರ, ಮನೆ ಅಡ್ಡ ಇಲ್ಲದಿದ್ದರೆ ಹತ್ತು ಗಂಟೆ ಹೊತ್ತಿಗೆ ನೆಲದಿಂದ ಸ್ವಲ್ಪವೇ ಮೇಲೆ ಗಾಳಿಪಟದಂಥ ನಾಲ್ಕು ನಕ್ಷತ್ರ ನೋಡಿ. ಅದನ್ನು ತ್ರಿಶಂಕು ಅನ್ನುತ್ತಾರೆ. ದೆಹಲಿಯವರಿಗೆ ಅದು ಸಿಗುವುದು ಕಷ್ಟ, ನಮಗೆ ಸುಲಭ.

ಕೊನೆಯದು ಚೇಳು. ಮೇ ಕೊನೆಯ ವಾರ, ರಾತ್ರಿ ಹತ್ತರ ಹೊತ್ತಿಗೆ ಆಗ್ನೇಯ ದಿಕ್ಕಿಗೆ ನೋಡಿ. ಆಕಾಶದಲ್ಲಿ ಹೆಸರಿಗೂ ರೂಪಕ್ಕೂ ಇಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ ಅಂತ ನಮ್ಮ ಅಭಿಪ್ರಾಯ. ತಲೆಯಲ್ಲಿ ಸಾಲಾಗಿ ಮೂರು, ಅದು ಅನುರಾಧ. ಎದೆಯಲ್ಲಿ ಕೆಂಪಗೆ ಉರಿಯುವುದು ಜ್ಯೇಷ್ಠ. ಅಲ್ಲಿಂದ ಬಾಲ ಬಾಗಿ ಕೊಂಡಿ ಎತ್ತಿದೆ. ಕೊಂಡಿಯಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಎರಡು ನಕ್ಷತ್ರ ಹತ್ತಿರ ಹತ್ತಿರ. ಆ ಬಾಲವೇ ಮೂಲಾ.

ಹೌದು, ಅದೇ ಮೂಲಾ. "ಹುಡುಗಿ ಮೂಲಾ ನಕ್ಷತ್ರ, ಮಾವನಿಗೆ ಆಗಿಬರಲ್ಲ" ಅಂತ ಬಂದ ಗಂಡಿನ ಕಡೆಯವರು ಎದ್ದುಹೋಗುತ್ತಾರಲ್ಲ, ಆ ಮೂಲಾ. ಆಶ್ಲೇಷ ಆದರೆ ಅತ್ತೆಗೆ ಆಗಲ್ಲ, ಜ್ಯೇಷ್ಠ ಆದರೆ ಭಾವನಿಗೆ, ವಿಶಾಖ ಆದರೆ ಮೈದುನನಿಗೆ. ಎಲ್ಲ ಅಪವಾದವೂ ಹುಡುಗಿಯ ತಲೆಗೇ. ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳು ಇದರಿಂದ ಕಣ್ಣೀರು ಹಾಕಿದ್ದಾರೆ ಅಂತ ನಿಮಗೆ ನಾವು ಹೇಳಬೇಕಿಲ್ಲ.

ಮೂಲಾ ನಕ್ಷತ್ರದಲ್ಲಿ ಹುಟ್ಟುವುದು ಎಂದರೇನು? ಮಗು ಹುಟ್ಟಿದ ದಿನ ಚಂದ್ರ ಆ ಬಾಲದ ದಿಕ್ಕಿನಲ್ಲಿದ್ದ. ಇಷ್ಟೇ. ಚಂದ್ರ ತಿಂಗಳಿಗೊಮ್ಮೆ 27 ನಕ್ಷತ್ರಗಳ ದಾರಿ ಸುತ್ತುತ್ತಾನೆ, ಒಂದೊಂದರಲ್ಲಿ ಸುಮಾರು ಒಂದು ದಿನ. ಆ ದಿನ ದೇಶದಲ್ಲಿ ಹುಟ್ಟಿದ ಎಲ್ಲ ಮಕ್ಕಳದೂ ಅದೇ ನಕ್ಷತ್ರ. ಆ ಕೊಂಡಿಯ ನಕ್ಷತ್ರದಿಂದ ಬೆಳಕು ಬಂದು ಸೇರಲು ಮುನ್ನೂರು ವರ್ಷಕ್ಕೂ ಹೆಚ್ಚು ಬೇಕು. ಇಲ್ಲಿ ಒಬ್ಬ ಹುಡುಗಿ ಯಾರ ಮನೆಗೆ ಸೊಸೆಯಾಗಿ ಹೋದಳು, ಅವಳ ಮಾವನಿಗೆ ಬಿ.ಪಿ. ಇತ್ತೋ ಸಕ್ಕರೆ ಕಾಯಿಲೆ ಇತ್ತೋ, ಅದಕ್ಕೇನು ಗೊತ್ತು? ಮುಂದೆ ಯಾರಾದರೂ ಮೂಲಾ ಅಂತ ಮಾತು ತೆಗೆದರೆ ಅವರನ್ನು ಅಂಗಳಕ್ಕೆ ಕರೆದುಕೊಂಡು ಬನ್ನಿ. "ಎಲ್ಲಿದೆ, ತೋರಿಸಿ" ಅಂತ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ನೀವೇ ತೋರಿಸಿ.

ನೋಡಿದ್ದನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ತಾರೀಖು, ಹೊತ್ತು, ಯಾವ ದಿಕ್ಕು, ಚುಕ್ಕಿ ಇಟ್ಟು ಒಂದು ಚಿತ್ರ. ರಂಗೋಲಿ ಹಾಕುವ ಕೈಗೆ ಚುಕ್ಕಿ ಇಡುವುದು ಹೇಳಿಕೊಡಬೇಕಾ? ಮಿನುಗದೆ ಸುಮ್ಮನೆ ಹೊಳೆಯುವ ಚುಕ್ಕಿ ಸಿಕ್ಕಿದರೆ ಅದು ಗ್ರಹ ಇರಬಹುದು, ಪಕ್ಕದಲ್ಲಿ ಒಂದು ಗುರುತು ಹಾಕಿ. ಮೇ ಕೊನೆಗೆ ಮೋಡ ಕವಿದರೆ ಬೇಸರ ಬೇಡ, ರೋಹಿಣಿ ಮಳೆ ಬರಲಿ. ಮೋಡ ಹರಿದ ರಾತ್ರಿ ಚೇಳು ಅಲ್ಲೇ ಇರುತ್ತದೆ.