ಮುಂದಿನ ವಾರದ ಹವಾಮಾನ ಮತ್ತು ರಾಗಿ ಕೊಯ್ಲು
(ಭಾಷಣದ ಪಠ್ಯ)



ಚಿತ್ತೆ, ಸ್ವಾತಿ, ವಿಶಾಖೆ ಮಳೆಗಳ ಕಾಲವೆಂದರೆ ದಕ್ಷಿಣ ಒಳನಾಡಿನ ರೈತನಿಗೆ ಆತಂಕದ ಕಾಲ. ನಾಲ್ಕು ತಿಂಗಳು ದುಡಿದು ಬೆಳೆಸಿದ ರಾಗಿ ತೆನೆ ಬಲಿತು ನಿಂತಿರುತ್ತದೆ. ಆಕಾಶದಲ್ಲಿ ಮೋಡ ಕವಿದಿರುತ್ತದೆ. ಕುಯ್ದು ಹಾಕಿದರೆ ಮಳೆಗೆ ಸಿಕ್ಕೀತು, ಕುಯ್ಯದೆ ಬಿಟ್ಟರೆ ಪೈರು ನೆಲಕ್ಕೆ ಬಿದ್ದೀತು ಎಂಬ ಇಕ್ಕಟ್ಟು. 2021ರ ನವೆಂಬರ್ ತಿಂಗಳಲ್ಲಿ ಕೋಲಾರ, ತುಮಕೂರು ಮೊದಲಾದ ಕಡೆ ಹೀಗೆಯೇ ಆಯಿತು. ಎಡೆಬಿಡದೆ ಸುರಿದ ಮಳೆಗೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ನೆನೆದು ತೆನೆಯಲ್ಲೇ ಮೊಳೆಯಿತು. ಕಾಳಿನ ಜೊತೆಗೆ ದನಗಳ ಹುಲ್ಲೂ ಕೊಳೆಯಿತು.

ಮಳೆಯನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಮುಂದಿನ ನಾಲ್ಕೈದು ದಿನಗಳ ಹವಾಮಾನವನ್ನು ಮೊದಲೇ ತಿಳಿದು, ಅದಕ್ಕೆ ತಕ್ಕಂತೆ ಕೆಲಸವನ್ನು ಹಿಂದೆ ಮುಂದೆ ಮಾಡಿಕೊಳ್ಳುವುದು ರೈತನ ಕೈಯಲ್ಲಿದೆ.

ಈ ಕಾಲದ ಮಳೆ ಎಲ್ಲಿಂದ ಬರುತ್ತದೆ?

ಅಕ್ಟೋಬರ್ ಮಧ್ಯಭಾಗದ ಹೊತ್ತಿಗೆ ನೈರುತ್ಯ ಮುಂಗಾರು ರಾಜ್ಯದಿಂದ ಹಿಂದೆ ಸರಿಯುತ್ತದೆ. ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಇದೇ ಹಿಂಗಾರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಕಡಿಮೆ ಒತ್ತಡದ ಪ್ರದೇಶಗಳು ಹುಟ್ಟುತ್ತವೆ. ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ಅದನ್ನು ವಾಯುಭಾರ ಕುಸಿತವೆಂದೂ, 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತವೆಂದೂ ಕರೆಯುತ್ತಾರೆ. ಇವು ತಮಿಳುನಾಡು ಅಥವಾ ಆಂಧ್ರದ ಕರಾವಳಿಯತ್ತ ಸಾಗಿದಾಗ ನಮ್ಮ ಒಳನಾಡಿನಲ್ಲಿ ಎರಡು ಮೂರು ದಿನ ಮೋಡ ಮುಸುಕಿ ಮಳೆ ಹಿಡಿಯುತ್ತದೆ. ಆದುದರಿಂದ ಕೊಯ್ಲಿನ ದಿನಗಳಲ್ಲಿ ಕೊಲ್ಲಿಯ ಸುದ್ದಿ ಬಂದ ಕೂಡಲೇ ಎಚ್ಚೆತ್ತುಕೊಳ್ಳಬೇಕು.

ಮಳೆ ನಕ್ಷತ್ರಗಳ ಲೆಕ್ಕ ಋತುಮಾನದ ಒಟ್ಟು ನಡೆಯನ್ನು ತಿಳಿಸುತ್ತದೆ. ಹಿರಿಯರ ಅನುಭವ ಅದರಲ್ಲಿದೆ. ಆದರೆ ಒಂದೊಂದು ಮಳೆಯ ಅವಧಿಯೂ 13-14 ದಿನಗಳದ್ದು. ಗುರುವಾರ ಕುಯ್ಯಬೇಕೋ ಸೋಮವಾರ ಕುಯ್ಯಬೇಕೋ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಅದಕ್ಕೆ ವಾರದ ಮುನ್ಸೂಚನೆಯೇ ಬೇಕು.

ಮುನ್ಸೂಚನೆಯ ಮಾತುಗಳ ಅರ್ಥ

ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ರೈತರಿಗಾಗಿಯೇ ಹವಾಮಾನ ವರದಿಯನ್ನು ಬಾನುಲಿಯಲ್ಲಿ ಬಿತ್ತರಿಸುವ ಕೆಲಸ 1945ರಲ್ಲಿ ಮೊದಲಾಯಿತು. ಈಗ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾನಿಲಯಗಳು ಕೂಡಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಐದು ದಿನಗಳ ಮುನ್ಸೂಚನೆಯನ್ನೂ ಬೆಳೆ ಸಲಹೆಯನ್ನೂ ಹೊರಡಿಸುತ್ತವೆ. ಮೊಬೈಲ್ ಉಳ್ಳವರಿಗೆ 'ಮೇಘದೂತ್' ಆ್ಯಪ್‌ನಲ್ಲಿ ಇದು ಕನ್ನಡದಲ್ಲಿಯೂ ದೊರೆಯುತ್ತದೆ.

ಈ ವರದಿಯ ಒಂದೊಂದು ಮಾತಿಗೂ ಗೊತ್ತಾದ ಅಳತೆ ಇದೆ. ದಿನವೊಂದರಲ್ಲಿ 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಹಗುರ ಮಳೆ, 15.6ರಿಂದ 64.4ರವರೆಗೆ ಸಾಧಾರಣ ಮಳೆ, 64.5ರಿಂದ 115.5ರವರೆಗೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು.

'ಒಂದೆರಡು ಕಡೆ ಮಳೆ' ಎಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದಷ್ಟು ಕಡೆ ಮಾತ್ರ ಮಳೆ ಎಂದರ್ಥ. 'ಬಹುತೇಕ ಎಲ್ಲ ಕಡೆ' ಎಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಒಂದೆರಡು ಕಡೆ ಎಂದಾಗ ನಮ್ಮೂರಿಗೆ ಮಳೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಯಿತೆಂದು ಹೇಳುವುದು ಸರಿಯಲ್ಲ.

ಇನ್ನು ಬಣ್ಣಗಳ ವಿಷಯ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಇಲ್ಲಿ ರೈತರು ಒಂದು ಸಂಗತಿಯನ್ನು ಮುಖ್ಯವಾಗಿ ನೆನಪಿಡಬೇಕು. ಈ ಬಣ್ಣಗಳು ಜನಜೀವನಕ್ಕೆ ಆಗಬಹುದಾದ ತೊಂದರೆಯನ್ನು ನೋಡಿ ಕೊಡುವಂಥವು. ಕುಯ್ದು ಹರಡಿದ ರಾಗಿ ಕೆಡಲು ಭಾರಿ ಮಳೆಯೇ ಬೇಕಿಲ್ಲ. ಲೆಕ್ಕದಲ್ಲಿ 'ಹಗುರ' ಎನಿಸುವ 10 ಮಿಲಿಮೀಟರ್ ಮಳೆ ಎರಡು ದಿನ ಬಿದ್ದು, ಬಿಸಿಲು ಬಾರದಿದ್ದರೆ ತೆನೆ ಕಪ್ಪಾಗುತ್ತದೆ. ಆದುದರಿಂದ ಕೊಯ್ಲಿನ ವಾರದಲ್ಲಿ ಬಣ್ಣ ಹಸಿರಿದೆಯೆಂದು ಸುಮ್ಮನಿರದೆ, ದಿನಕ್ಕೆ ಎಷ್ಟು ಮಿಲಿಮೀಟರ್ ಎಂಬುದನ್ನು ನೋಡಬೇಕು.

ಮುನ್ಸೂಚನೆಯಂತೆ ಕೆಲಸ

ರಾಗಿ ಕುಯ್ದ ಮೇಲೆ ಹೊಲದಲ್ಲಿ ಒಣಗಿ ಮೆದೆ ಸೇರಲು ಮೂರು ನಾಲ್ಕು ದಿನ ಬೇಕು. ಆದುದರಿಂದ ಕೇಳಬೇಕಾದ ಪ್ರಶ್ನೆ, 'ನಾಳೆ ಮಳೆ ಇದೆಯೇ?' ಎಂಬುದಲ್ಲ, 'ಸಾಲಾಗಿ ನಾಲ್ಕು ಒಣ ದಿನ ಸಿಗುತ್ತವೆಯೇ?' ಎಂಬುದು.

ಉದಾಹರಣೆಗೆ, ಎರಡು ಎಕರೆ ರಾಗಿ ಬಲಿತಿದೆ ಎಂದಿಟ್ಟುಕೊಳ್ಳೋಣ. ಶುಕ್ರವಾರದ ವರದಿಯಲ್ಲಿ ಐದು ದಿನವೂ ಒಣಹವೆ ಎಂದಿದ್ದರೆ ಕೂಡಲೇ ಆಳು ಗೊತ್ತುಮಾಡಿ ಕೊಯ್ಲು ಮುಗಿಸಬೇಕು. ಮೊದಲ ಮೂರು ದಿನ ಒಣಹವೆ, ಆಮೇಲೆ ಮಳೆ ಎಂದಿದ್ದರೆ ಎರಡು ಎಕರೆಯನ್ನೂ ಒಮ್ಮೆಗೇ ಕುಯ್ದು ಹಾಕಬಾರದು. ಮಳೆಗೆ ಮುಂಚೆ ಎತ್ತಿ ಮೆದೆ ಒಟ್ಟಲು ಆಗುವಷ್ಟನ್ನು ಮಾತ್ರ ಕುಯ್ಯಬೇಕು. ಮೊದಲ ಎರಡು ದಿನಗಳಲ್ಲೇ ಮಳೆ ಎಂದಿದ್ದರೆ ಕುಡುಗೋಲನ್ನು ಮುಟ್ಟದಿರುವುದು ಲೇಸು. ನಿಂತ ಪೈರು ನೆಂದರೂ ಗಾಳಿ ಬಿಸಿಲಿಗೆ ಬೇಗ ಆರುತ್ತದೆ. ನೆಲಕ್ಕೆ ಹಾಸಿದ ಪೈರು ಆರುವುದಿಲ್ಲ. ಈಗಾಗಲೇ ಬಿದ್ದಿರುವ ಪೈರಿದ್ದರೆ ಮಳೆ ಬಿಟ್ಟ ಕೂಡಲೇ ಅದನ್ನೇ ಮೊದಲು ಕುಯ್ದು ಬೇರೆಯಾಗಿ ಒಣಗಿಸಬೇಕು.

ಮೆದೆಯನ್ನು ಎತ್ತರದ ಜಾಗದಲ್ಲಿ ಹಾಕಿ, ಸುತ್ತ ಸಣ್ಣ ಕಾಲುವೆ ತೆಗೆದು, ನೆತ್ತಿಯನ್ನು ಟಾರ್ಪಾಲಿನಿಂದ ಮುಚ್ಚಬೇಕು. ಒದ್ದೆ ಹೊರೆಯನ್ನು ಒಳಗಿಟ್ಟರೆ ಬಿಸಿಯೇರಿ ಇಡೀ ಮೆದೆ ಕೆಡುತ್ತದೆ.

ನೆಲಗಡಲೆಯ ವಿಷಯ ಬೇರೆ. ಬಲಿತ ಗೊಂಚಲು ತಳಿಯನ್ನು ಒದ್ದೆ ನೆಲದಲ್ಲಿ ಬಿಟ್ಟರೆ ಕಾಯಿಯೊಳಗೇ ಬೀಜ ಮೊಳೆಯುತ್ತದೆ. ಮಳೆ ಬಿಡುವು ಕೊಟ್ಟೊಡನೆ ಕಿತ್ತು, ಚೆನ್ನಾಗಿ ಒಣಗಿಸಬೇಕು. ಅರೆ ಒಣಗಿದ ಕಾಯಿಗೆ ಬೂಷ್ಟು ಹಿಡಿದು ವಿಷಾಂಶ ಸೇರುತ್ತದೆ. ಅದು ಜನಕ್ಕೂ ದನಕ್ಕೂ ಕೇಡು.

ತರಕಾರಿ ಬೆಳೆಗಾರರು ಔಷಧಿ ಸಿಂಪಡಿಸಿದ ಮೇಲೆ ಕೆಲವು ಗಂಟೆಯಾದರೂ ಮಳೆ ಬಾರದ ದಿನವನ್ನು ಆರಿಸಬೇಕು. ಜೋರು ಮಳೆಯ ಸೂಚನೆಯಿದ್ದಾಗ ಯೂರಿಯಾ ಮೇಲುಗೊಬ್ಬರ ಕೊಟ್ಟರೆ ಹಣವನ್ನು ನೀರಿಗೆ ಎಸೆದಂತೆ.

ಮುನ್ಸೂಚನೆಯ ಮಿತಿ

ಐದು ದಿನಗಳಲ್ಲಿ ಮೊದಲ ಎರಡು ಮೂರು ದಿನಗಳ ಮಾತು ಹೆಚ್ಚು ನಂಬಿಕೆಗೆ ಅರ್ಹ. ನಾಲ್ಕನೆಯ, ಐದನೆಯ ದಿನದ್ದು ಅಷ್ಟಿಲ್ಲ. ಆದುದರಿಂದ ಶುಕ್ರವಾರ ನೋಡಿದವರು ಮಂಗಳವಾರ ಮತ್ತೆ ನೋಡಬೇಕು. ನಡುವಿನ ದಿನಗಳಲ್ಲಿ ನಿತ್ಯದ ವರದಿಯನ್ನೂ ಕೇಳಬೇಕು. ಮಧ್ಯಾಹ್ನ ಎದ್ದು ಸಂಜೆಗೆ ಸುರಿಯುವ ಗುಡುಗು ಮಳೆ ಯಾವ ಹೊಲದ ಮೇಲೆ ಬೀಳುತ್ತದೆಂದು ದಿನ ಮೊದಲೇ ಹೇಳಲು ಬರುವುದಿಲ್ಲ. ಗುಡುಗು ಕೇಳಿದ ಕೂಡಲೇ ಕೆಲಸ ನಿಲ್ಲಿಸಿ ಮನೆ ಸೇರಬೇಕು. ಒಂಟಿ ಮರದಡಿ ನಿಲ್ಲಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಬೆಳೆ ಹೋದರೆ ಮತ್ತೆ ಬೆಳೆಯಬಹುದು, ಜೀವ ಹೋದರೆ ಬಾರದು.

ಕೊನೆಯದಾಗಿ, ಪ್ರತಿ ರೈತನೂ ತನ್ನ ಹೊಲದ ಮಳೆಯನ್ನು ತಾನೇ ಅಳೆಯಬಹುದು. ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿ ಅಲುಗದಂತೆ ಇಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿನ ನೀರಿನ ಆಳವನ್ನು ಸ್ಕೇಲಿನಿಂದ ಅಳೆದರೆ ಮಿಲಿಮೀಟರ್ ಲೆಕ್ಕ ಸಿಗುತ್ತದೆ. ವರದಿಯಲ್ಲಿ ಹೇಳಿದ್ದು, ಹೊಲದಲ್ಲಿ ಬಿದ್ದದ್ದು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಎರಡು ಮೂರು ವರ್ಷಗಳಲ್ಲಿ ಮುನ್ಸೂಚನೆಯನ್ನು ತನ್ನ ಊರಿಗೆ ಎಷ್ಟರಮಟ್ಟಿಗೆ ನಂಬಬಹುದೆಂಬುದು ತಾನಾಗಿಯೇ ತಿಳಿಯುತ್ತದೆ.

ಬಿತ್ತನೆಗೆ ಹದ ನೋಡುವ ರೈತ ಕೊಯ್ಲಿಗೂ ಹವೆ ನೋಡುವುದನ್ನು ರೂಢಿಸಿಕೊಳ್ಳಲಿ. ಹೊಲದ ರಾಗಿ ಸುಖವಾಗಿ ಕಣ ಸೇರಲಿ.