ಕೊರಳ ಗ್ರಂಥಿಯೂ ಮೂತ್ರಪಿಂಡವೂ
(ಶಾಲೆಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ನಮ್ಮ ಅನೇಕ ಮನೆಗಳಲ್ಲಿ, ಆಸ್ಪತ್ರೆಯಿಂದ ಬಂದ ರಕ್ತಪರೀಕ್ಷೆಯ ಕಾಗದವನ್ನು ಹಿರಿಯರಿಗೆ ಓದಿ ಹೇಳುವವರು ಶಾಲೆಗೆ ಹೋಗುವ ಮಕ್ಕಳೇ. ಆದಕಾರಣ ಅಂತಹ ಕಾಗದದಲ್ಲಿರುವ ಎರಡು ಅಂಕಿಗಳ ಸಂಬಂಧವನ್ನು ಕುರಿತು ಈ ದಿನ ನಾವು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ. ಒಂದು ಅಂಕಿಯು ಕೊರಳಿನ ಥೈರಾಯ್ಡ್ ಗ್ರಂಥಿಗೆ ಸೇರಿದುದು. ಮತ್ತೊಂದು ಮೂತ್ರಪಿಂಡಗಳಿಗೆ ಸೇರಿದುದು.

ಥೈರಾಯ್ಡ್ ಗ್ರಂಥಿಯು ಕೊರಳಿನ ಮುಂಭಾಗದಲ್ಲಿ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿದೆ. ಆಹಾರದಲ್ಲಿನ ಅಯೋಡಿನನ್ನು ಬಳಸಿಕೊಂಡು ಅದು ಸಿದ್ಧಪಡಿಸುವ ರಸವು ರಕ್ತದಲ್ಲಿ ಬೆರೆತು, ದೇಹದ ಅಂಗಗಳು ಎಷ್ಟು ವೇಗದಿಂದ ಕೆಲಸ ಮಾಡಬೇಕೆಂಬುದನ್ನು ನಿರ್ಣಯಿಸುತ್ತದೆ. ಈ ರಸವು ಮಿತಿಮೀರಿದಾಗ ಹಸಿವು ಹೆಚ್ಚಿದರೂ ಮೈ ಕೃಶವಾಗುತ್ತದೆ, ಎದೆ ಬಡಿದುಕೊಳ್ಳುತ್ತದೆ, ಕೈಬೆರಳುಗಳು ನಡುಗುತ್ತವೆ, ಸೆಕೆ ತಡೆಯಲಾಗುವುದಿಲ್ಲ. ಇದಕ್ಕೆ ಬಹುಸಾಮಾನ್ಯ ಕಾರಣವಾದ ವ್ಯಾಧಿಯನ್ನು 1835ರಲ್ಲಿ ಡಬ್ಲಿನ್ ನಗರದ ವೈದ್ಯ ರಾಬರ್ಟ್ ಗ್ರೇವ್ಸ್ ವರ್ಣಿಸಿದನು. ಅದು ಇಂದಿಗೂ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಇನ್ನು ಮೂತ್ರಪಿಂಡಗಳು. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಎರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ಸೋಸುವ ಶಕ್ತಿ ಕುಂದಿದರೆ, ಸ್ನಾಯುಗಳಲ್ಲಿ ಹುಟ್ಟುವ ಕ್ರಿಯಾಟಿನಿನ್ ಎಂಬ ಕಶ್ಮಲವು ರಕ್ತದಲ್ಲಿ ಏರುತ್ತದೆ. ಆ ಅಂಕಿಯಿಂದ ಮೂತ್ರಪಿಂಡದ ಬಲವನ್ನು ಅಳೆಯುವುದು ವೈದ್ಯರ ವಾಡಿಕೆ.

ಮೋಸವಿರುವುದು ಇಲ್ಲಿಯೇ. ಥೈರಾಯ್ಡ್ ರಸ ಹೆಚ್ಚಾದಾಗ ಹೃದಯವು ಹೆಚ್ಚು ರಕ್ತವನ್ನು ನೂಕುತ್ತದೆ. ಮೂತ್ರಪಿಂಡಗಳಿಗೂ ಹೆಚ್ಚು ರಕ್ತ ಹರಿದು, ಸೋಸುವಿಕೆಯು ಶೇಕಡಾ 20ರ ಆಸುಪಾಸಿನಷ್ಟು ಏರಬಹುದು. ಅತ್ತ ಸ್ನಾಯುಗಳು ಸೊರಗುವುದರಿಂದ ಕ್ರಿಯಾಟಿನಿನ್ ಹುಟ್ಟುವುದೂ ಕಡಮೆ. ಹೀಗಾಗಿ ಕಾಗದದ ಮೇಲಿನ ಅಂಕಿಯು ಬಲು ಚೆನ್ನಾಗಿ ಕಾಣುತ್ತದೆ. ಮಧುಮೇಹದಿಂದಲೋ ರಕ್ತದ ಒತ್ತಡದಿಂದಲೋ ಮೊದಲೇ ಜೀರ್ಣವಾಗುತ್ತಿರುವ ಮೂತ್ರಪಿಂಡದ ದೌರ್ಬಲ್ಯವು ಈ ತೆರೆಯ ಮರೆಯಲ್ಲಿ ಅಡಗಿರಬಹುದು. ಆಷಾಢದ ಹೊಳೆಯನ್ನು ನೋಡಿ ಬೇಸಗೆಯ ನೀರಿನ ಲೆಕ್ಕ ಹಾಕಲಾದೀತೆ?

ಅಷ್ಟೇ ಅಲ್ಲ. ಈ ಅತಿವೇಗವು ಚಿಕಿತ್ಸೆಯಿಲ್ಲದೆ ಬಹುಕಾಲ ಮುಂದುವರಿದರೆ ಶೋಧಕಗಳ ಒಳಗೆ ಒತ್ತಡ ಹೆಚ್ಚಿ, ಸೋರಬಾರದ ಪ್ರೋಟೀನು ಮೂತ್ರದಲ್ಲಿ ಸೋರಬಹುದು; ಶೋಧಕಗಳಿಗೇ ಹಾನಿಯಾಗಬಹುದು.

ಚಿಕಿತ್ಸೆಗೆ ಮಾರ್ಗಗಳು ಮೂರು: ಕಾರ್ಬಿಮಜೋಲ್ ಮೊದಲಾದ ಮಾತ್ರೆಗಳು, ವಿಕಿರಣಶೀಲ ಅಯೋಡಿನ್, ಶಸ್ತ್ರಕ್ರಿಯೆ. ಯಾವುದರಿಂದಲೇ ಆಗಲಿ, ಗ್ರಂಥಿಯು ಹತೋಟಿಗೆ ಬಂದಾಗ ಹೃದಯದ ಓಟ ಇಳಿಯುತ್ತದೆ. ಕ್ರಿಯಾಟಿನಿನ್ ಅಂಕಿಯು ಏರುತ್ತದೆ. ಆಗ ಮಾತ್ರೆಯೇ ಮೂತ್ರಪಿಂಡವನ್ನು ಕೆಡಿಸಿತೆಂದು ಹೆದರಿ ಔಷಧವನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು. ಸಾಮಾನ್ಯವಾಗಿ ಅಲ್ಲಿ ನಡೆದಿರುವುದು, ಮರೆ ಸರಿದು ನಿಜಸ್ಥಿತಿ ಕಂಡುದಷ್ಟೆ. ಔಷಧದ ಪ್ರಮಾಣ ಹೆಚ್ಚಾಗಿ ಗ್ರಂಥಿಯು ತೀರ ಮಂದವಾದರೂ ಅಂಕಿ ಏರುವುದುಂಟು. ಅದನ್ನು ಪರೀಕ್ಷಿಸಿ ಪ್ರಮಾಣವನ್ನು ತಿದ್ದತಕ್ಕವರು ವೈದ್ಯರು. ನಾವಾಗಿಯೇ ಮಾತ್ರೆ ನಿಲ್ಲಿಸಿದರೆ ವ್ಯಾಧಿ ಮರುಕಳಿಸಿ ಹೃದಯಕ್ಕೂ ಅಪಾಯ ಬಂದೀತು.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ: ಚಿಕಿತ್ಸೆಗೆ ಮೊದಲೂ, ಗ್ರಂಥಿಯು ಹದಕ್ಕೆ ಬಂದ ಮೇಲೂ, ರಕ್ತ ಮತ್ತು ಮೂತ್ರಗಳ ಪರೀಕ್ಷೆಯನ್ನು ಮಾಡಿಸಿರಿ. ಮಕ್ಕಳೆ, ಮನೆಯ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿರಿ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ವೈದ್ಯರ ಮುಂದಿಡಿರಿ. ಅಂಕಿಯನ್ನು ಸರಿಯಾಗಿ ಓದಿ ಹೇಳುವುದು ನಿಮ್ಮ ಕೆಲಸ. ಅಜ್ಜಿಯ ಮಾತ್ರೆಯನ್ನು ನಿಲ್ಲಿಸಬೇಕೆ ಬೇಡವೆ ಎಂಬ ತೀರ್ಮಾನವು ವೈದ್ಯರದು.